ಕೈ ಉಳಿದರೆ ಮಗ್ಗ ಉಳಿದೀತು: ಗುಡೂರು–ಇಳಕಲ್ಲ ಸೀಮೆಯ ಸಣ್ಣ ಉದ್ದಿಮೆದಾರರಿಗೆ ಬಹಿರಂಗ ಪತ್ರ

ಗುಡೂರು, ಸೂಳೇಬಾವಿ, ಕಮತಗಿ, ಅಮೀನಗಡ, ಗುಳೇದಗುಡ್ಡ, ಇಳಕಲ್ಲ, ಹುನಗುಂದ ಮತ್ತು ಬಾದಾಮಿಯ ಮಗ್ಗದ ಮಾಲೀಕರಿಗೆ, ಕರದಂಟು ತಯಾರಕರಿಗೆ, ಗ್ರಾನೈಟ್ ಕಾರ್ಖಾನೆಗಳ ಒಡೆಯರಿಗೆ, ಖಾನಾವಳಿ ನಡೆಸುವವರಿಗೆ,

ಮಾನ್ಯರೇ,

ಸಣ್ಣ ಉದ್ದಿಮೆಯೊಂದರ ಬಂಡವಾಳ ಯಾವುದು ಎಂದು ಕೇಳಿದರೆ ಕಿರ್ದಿ ಪುಸ್ತಕವು ನೂಲು, ಮಗ್ಗ, ಯಂತ್ರ, ಕಟ್ಟಡ, ಬರಬೇಕಾದ ಉದ್ರಿ ಎಂದು ಪಟ್ಟಿ ಕೊಡುತ್ತದೆ. ಆದರೆ ಆ ಪಟ್ಟಿಯಲ್ಲಿ ಎಲ್ಲಿಯೂ ಬರೆದಿರದ, ಸಂಜೆ ಎದ್ದು ತನ್ನ ಮನೆಗೆ ನಡೆದುಹೋಗುವ ಇನ್ನೊಂದು ಬಂಡವಾಳವಿದೆ. ಅದು ನುರಿತ ಕೆಲಸಗಾರನ ಕೈಚಳಕ. ನೂಲು ತೀರಿದರೆ ಮತ್ತೆ ತರಬಹುದು, ಮಗ್ಗ ಮುರಿದರೆ ಬಡಿಗರನ್ನು ಕರೆಸಬಹುದು; ಹತ್ತಿಪ್ಪತ್ತು ವರ್ಷಗಳಲ್ಲಿ ಪಳಗಿದ ಕೈಯೊಂದು ಹೊರಟುಹೋದರೆ ಅದನ್ನು ಯಾವ ಪೇಟೆಯಲ್ಲಿಯೂ ಕೊಂಡು ತರಲಾಗದು. ಆ ಕೈಗಳು ಈ ಸೀಮೆಯಿಂದ ಒಂದೊಂದಾಗಿ ಹೊರಡುತ್ತಿರುವುದನ್ನು ಕಂಡು, ಅವುಗಳನ್ನು ಉಳಿಸಿಕೊಳ್ಳುವ ದಾರಿಯ ಬಗ್ಗೆ ತಮ್ಮೆಲ್ಲರ ಗಮನ ಸೆಳೆಯಲು ಈ ಪತ್ರವನ್ನು ಬರೆಯಲಾಗಿದೆ.

‘ಸಣ್ಣ ಉದ್ದಿಮೆ’ ಎಂಬ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ವ್ಯಾಖ್ಯೆಯ ಪ್ರಕಾರ ಯಂತ್ರೋಪಕರಣಗಳ ಮೇಲೆ 2.5 ಕೋಟಿ ರೂಪಾಯಿ ಮೀರದ ಹೂಡಿಕೆಯೂ 10 ಕೋಟಿ ಮೀರದ ವಾರ್ಷಿಕ ವಹಿವಾಟೂ ಇರುವ ಉದ್ದಿಮೆಯು ‘ಅತಿಸಣ್ಣ’ ಎನಿಸಿಕೊಳ್ಳುತ್ತದೆ. ನಾಲ್ಕು ಮಗ್ಗದ ಮನೆಯಿಂದ ಹಿಡಿದು ಹತ್ತು ಜನ ದುಡಿಯುವ ಕರದಂಟಿನ ಅಡುಗೆಮನೆಯವರೆಗೆ, ಈ ಸೀಮೆಯ ಬಹುಪಾಲು ಉದ್ದಿಮೆಗಳು ಆ ಮಿತಿಯ ತೀರ ಕೆಳಗಿವೆ. ಹೀಗಾಗಿ ದೊಡ್ಡ ಕಂಪನಿಗಳಲ್ಲಿರುವಂತೆ ಸಿಬ್ಬಂದಿ ವಿಭಾಗವನ್ನಾಗಲಿ, ವರ್ಷಕ್ಕೊಮ್ಮೆ ದೊಡ್ಡ ಮೊತ್ತದ ಸಂಬಳ ಏರಿಕೆಯನ್ನಾಗಲಿ ತಮ್ಮಿಂದ ನಿರೀಕ್ಷಿಸುವುದು ನ್ಯಾಯವಲ್ಲ. ತಮ್ಮ ಕೈಯಳತೆಯಲ್ಲಿರುವುದನ್ನು ಮಾತ್ರ ಇಲ್ಲಿ ಕೇಳಲಾಗುತ್ತಿದೆ.

ನುರಿತ ಕೈ ಎಂದರೇನು ಎಂಬುದನ್ನು ತಿಳಿಯಲು ಇಳಕಲ್ಲ ಸೀರೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಈ ಸೀರೆಯ ಮೈಯ ಹಾಸು ಒಂದು ಬಗೆಯದು, ಸೆರಗಿನ ಹಾಸು ಇನ್ನೊಂದು ಬಗೆಯದು. ಮೈ ಹತ್ತಿಯದಾಗಿದ್ದಾಗಲೂ ಸೆರಗು ರೇಷ್ಮೆಯದಾಗಿರುತ್ತದೆ. ಉದ್ದಕ್ಕೆ ಚಾಚಿಕೊಂಡ ನೂಲಿಗೆ ಹಾಸು ಎಂದೂ, ಲಾಳಿಯಿಂದ ಅಡ್ಡಕ್ಕೆ ತೂರುವ ನೂಲಿಗೆ ಹೊಕ್ಕು ಎಂದೂ ಹೆಸರು. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆಯೊಳಗೆ ಕುಣಿಕೆ ತೂರಿಸಿ ಕೂಡಿಸುವ ವಿಧಾನವನ್ನು ಇಲ್ಲಿಯ ನೇಕಾರರು ‘ತೋಪು ತೆನಿ’ ಎನ್ನುತ್ತಾರೆ. ಹೀಗೆ ಕೂಡಿಸಬೇಕಾಗಿರುವುದರಿಂದಲೇ ಬೇರೆ ಸೀರೆಗಳಂತೆ ಹಲವು ಸೀರೆಗಳಿಗಾಗುವ ಉದ್ದನೆಯ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸಲು ಬರುವುದಿಲ್ಲ. ಆರು, ಎಂಟು ಅಥವಾ ಒಂಬತ್ತು ಗಜದ ಒಂದೇ ಸೀರೆಯ ಹಾಸನ್ನು ಸಿದ್ಧಮಾಡಿ, ಅದು ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ನೇಯುವಾಗ ಎರಡು ಅಂಚಿಗೂ ಮೈಗೂ ಬೇರೆಬೇರೆ ಬಣ್ಣದ ಹೊಕ್ಕು ಬೇಕಾದ್ದರಿಂದ ಮೂರು ಲಾಳಿಗಳನ್ನು ಆಡಿಸುತ್ತ, ಅಂಚೂ ಮೈಯೂ ಸೇರುವಲ್ಲಿ ಒಂದು ಎಳೆಯನ್ನು ಇನ್ನೊಂದಕ್ಕೆ ಕೊಂಡಿ ಹಾಕುತ್ತ ಹೋಗಬೇಕು. ಪೂರ್ವತಯಾರಿಯನ್ನೂ ಹಿಡಿದರೆ ಕೈಮಗ್ಗದ ಒಂದು ಸೀರೆಗೆ ಸುಮಾರು ಒಂದು ವಾರ ಹಿಡಿಯುತ್ತದೆ.

ಕುಣಿಮಗ್ಗದ ಮುಂದೆ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತ ನೇಕಾರನು ಸೆರಗಿನ ಭಾಗಕ್ಕೆ ಬಂದಾಗ ಅವನ ಕೈಯನ್ನು ಹತ್ತಿರದಿಂದ ನೋಡಬೇಕು. ಕೆಂಪು ರೇಷ್ಮೆಯ ಮೂರು ಪಟ್ಟಿಗಳ ನಡುವೆ ಬಿಳಿಯ ಎರಡು ಪಟ್ಟಿಗಳು ಬರುವ ಆ ಸೆರಗಿನಲ್ಲಿ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಯಂಥ ಚಿತ್ತಾರಗಳು ಏಳುತ್ತವೆ. ಒಂದು ಎಳೆ ಸಡಿಲಾದರೂ ಅವನ ಬೆರಳಿಗೆ ಕಣ್ಣಿಗಿಂತ ಮುಂಚೆ ತಿಳಿಯುತ್ತದೆ, ತುಂಡಾದ ಎಳೆಯನ್ನು ಮಾತು ನಿಲ್ಲಿಸದೆಯೇ ಹುಡುಕಿ ಹೊಸೆದು ಕೂಡಿಸಿಬಿಡುತ್ತಾನೆ. ಈ ಅರಿವನ್ನು ಯಾರೂ ಬರೆದಿಟ್ಟಿಲ್ಲ. ಅಮೀನಗಡದ ಕರದಂಟಿನ ಕಡಾಯಿಯ ಮುಂದೆ ನಿಂತು ಬೆಲ್ಲದ ಪಾಕದ ಹದವನ್ನು ಹೇಳುವವರ ಅರಿವೂ, ಕಲ್ಲಿನ ಹೊಳಪು ಎಲ್ಲಿ ಸಾಕೆಂದು ಅಂಗೈ ಸವರಿ ತಿಳಿಯುವ ಇಳಕಲ್ಲದ ಗ್ರಾನೈಟ್ ಕೆಲಸಗಾರನ ಅರಿವೂ, ಖಾನಾವಳಿಯಲ್ಲಿ ಜೋಳದ ರೊಟ್ಟಿಯನ್ನು ಹರಿಯದಂತೆ ಬಡಿಯುವ ತಾಯಿಯ ಅರಿವೂ ಇದೇ ಜಾತಿಯವು.

ಅರ್ಥಶಾಸ್ತ್ರವು ಕೌಶಲವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಎಲ್ಲಿಗೆ ಹೋದರೂ ಬೆಲೆ ಸಿಗುವ ಕೌಶಲಕ್ಕೆ ಸಾಮಾನ್ಯ ಕೌಶಲವೆಂದೂ, ಒಂದು ನಿರ್ದಿಷ್ಟ ಕೆಲಸದ ಮನೆಯಲ್ಲಿ ಮಾತ್ರ ಬೆಲೆಯುಳ್ಳ ಕೌಶಲಕ್ಕೆ ವಿಶಿಷ್ಟ ಕೌಶಲವೆಂದೂ ಹೆಸರು. ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಮಾನವ ಬಂಡವಾಳದ ಕುರಿತ ಗ್ರಂಥದಲ್ಲಿ ಈ ಭೇದವನ್ನು ವಿವರವಾಗಿ ಚರ್ಚಿಸಿದ್ದಾನೆ. ಲೆಕ್ಕ ಬರೆಯುವವನು ಒಂದು ಅಂಗಡಿ ಬಿಟ್ಟರೆ ಇನ್ನೊಂದು ಅಂಗಡಿಗೆ ಅವನ ವಿದ್ಯೆ ಒದಗುತ್ತದೆ, ಲೋಕಕ್ಕೆ ನಷ್ಟವಿಲ್ಲ. ತೋಪು ತೆನಿ ಬಲ್ಲ ನೇಕಾರನು ಮಂಗಳೂರಿನ ಕಟ್ಟಡ ಕೆಲಸಕ್ಕೋ ಗೋವೆಯ ಕೂಲಿಗೋ ಬೆಂಗಳೂರಿನ ಕಾವಲು ಕೆಲಸಕ್ಕೋ ಗುಳೆ ಹೋದರೆ ಅವನ ವಿದ್ಯೆ ಅಲ್ಲಿ ಯಾರಿಗೂ ಬೇಕಾಗುವುದಿಲ್ಲ. ಅದು ತಮ್ಮಿಂದಲೂ ಹೋಯಿತು, ಅವನಿಂದಲೂ ಹೋಯಿತು, ಅವನ ಮಗನು ಅದನ್ನು ಕಣ್ಣಿಂದಲೂ ಕಾಣದೆ ಬೆಳೆಯುತ್ತಾನೆ. ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಅಂದರೆ ಆ ಹೆಸರಿನ ಮೇಲೆ ಈ ನೆಲದ ತಯಾರಕರಿಗೆ ಕಾನೂನಿನ ಹಕ್ಕಿದೆ; ಆದರೆ ಆ ಹಕ್ಕು ರಕ್ಷಿಸುವುದು ಹೆಸರನ್ನು ಮಾತ್ರ, ನೇಯುವ ಕೈಯನ್ನು ಕಾಯುವ ಹೊಣೆ ತಮ್ಮ ಮೇಲೆಯೇ ಉಳಿಯುತ್ತದೆ.

ತಮ್ಮ ಕಷ್ಟಗಳನ್ನು ಮರೆತು ಈ ಮಾತು ಆಡಲಾಗುತ್ತಿಲ್ಲ. ರೇಷ್ಮೆಯ ದರ ಏರಿಳಿಯುತ್ತದೆ. ಪವರ್‌ಲೂಮಿನ ಅಗ್ಗದ ನಕಲು ಪಕ್ಕದ ಅಂಗಡಿಯಲ್ಲಿಯೇ ತೂಗಾಡುತ್ತದೆ. ಊರಾಚೆಯ ವ್ಯಾಪಾರಿಯು ಸರಕು ಒಯ್ದು ತಿಂಗಳುಗಟ್ಟಲೆ ದುಡ್ಡು ಬಾಕಿ ಉಳಿಸುತ್ತಾನೆ. ಮಲಪ್ರಭೆ ಉಕ್ಕಿ ಹರಿದ 2019ರ ಆಗಸ್ಟ್, ಲಾಕ್‌ಡೌನ್ ಬಿದ್ದ 2020ರ ಮಾರ್ಚ್‌ನಂಥ ತಿಂಗಳುಗಳು ವರ್ಷಗಳ ಉಳಿತಾಯವನ್ನು ನುಂಗಿಹಾಕುತ್ತವೆ. ಇಷ್ಟೆಲ್ಲದರ ನಡುವೆಯೂ ಬಟವಾಡೆ ತಪ್ಪಿಸದೆ ನಡೆಸಿಕೊಂಡು ಬಂದ ಮಾಲೀಕರು ಈ ಸೀಮೆಯಲ್ಲಿ ಅನೇಕರಿದ್ದಾರೆ ಎಂಬುದನ್ನು ಗೌರವದಿಂದ ನೆನೆಯಬೇಕು. ಆದರೆ ಒಳ್ಳೆಯ ಕೆಲಸಗಾರರನ್ನು ಹಿಡಿದಿಡಲು ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಉಪಾಯವು ಅವರನ್ನು ಉಳಿಸುವ ಬದಲು ಓಡಿಸುತ್ತಿದೆ ಎಂಬುದನ್ನು ಸ್ಪಷ್ಟವಾಗಿ ಹೇಳದಿದ್ದರೆ ಈ ಪತ್ರಕ್ಕೆ ಅರ್ಥವಿರುವುದಿಲ್ಲ. ಆ ಉಪಾಯದ ಹೆಸರು ಮುಂಗಡ.

ಮದುವೆಗೋ ಆಸ್ಪತ್ರೆಗೋ ಮನೆಯ ಚಾವಣಿಗೋ ನೇಕಾರನು ಮಾಲೀಕನಿಂದ ಹಣ ಪಡೆಯುತ್ತಾನೆ. ಬ್ಯಾಂಕು ಬಾಗಿಲು ತೆರೆಯದ ಹೊತ್ತಿನಲ್ಲಿ ಆ ಹಣ ಕೈಹಿಡಿದು ಕಾಪಾಡುತ್ತದೆ, ಇದರಲ್ಲಿ ಮಾಲೀಕನ ಉಪಕಾರವಿದೆ. ಮುಂದೆ ಆ ಬಾಕಿಯು ಮಜೂರಿಯಲ್ಲಿ ವಾರವಾರ ಕಡಿತವಾಗುತ್ತ, ಹಬ್ಬಕ್ಕೆ ಮತ್ತೆ ಸೇರುತ್ತ, ಎಂದಿಗೂ ತೀರದ ಲೆಕ್ಕವಾಗಿ ಬೆಳೆದಾಗ, ಬಾಕಿ ತೀರುವತನಕ ಬೇರೆ ಕಡೆ ಹೋಗುವಂತಿಲ್ಲವೆಂಬ ಷರತ್ತೂ ಅದಕ್ಕೆ ಅಂಟಿಕೊಳ್ಳುತ್ತದೆ. ಈ ಪತ್ರ ಬರೆಯುತ್ತಿರುವವರು ಕಣ್ಣಾರೆ ಕಂಡ, ಹೆಸರು ಹೇಳಬೇಕಿಲ್ಲದ ಒಂದು ಮಗ್ಗದ ಮನೆಯಲ್ಲಿ ಹದಿನಾರು ವರ್ಷ ದುಡಿದ ನೇಕಾರರೊಬ್ಬರಿಗೆ ತಮ್ಮ ತಲೆಯ ಮೇಲೆ ಎಷ್ಟು ಬಾಕಿ ಇದೆಯೆಂಬುದೇ ತಿಳಿದಿರಲಿಲ್ಲ. ಲೆಕ್ಕದ ಪುಸ್ತಕ ಮಾಲೀಕರ ಗಲ್ಲೆಯ ಕೆಳಗಿತ್ತು, ಕೇಳಿದರೆ ಅಪನಂಬಿಕೆ ಎಂದಾದೀತು ಎಂಬ ಸಂಕೋಚ ಅವರಿಗಿತ್ತು. ಒಂದು ಬೆಳಗ್ಗೆ ನೋಡಿದರೆ ಅವರ ಮನೆಗೆ ಬೀಗ ಬಿದ್ದಿತ್ತು. ಹೆಂಡತಿ ಮಕ್ಕಳೊಡನೆ ಅವರು ಕರಾವಳಿಯ ಬಸ್ಸು ಹತ್ತಿದ್ದರು. ಮಗ್ಗದ ಮೇಲೆ ಮೊಳದಷ್ಟು ಸೆರಗು ಮಾತ್ರ ನೇಯ್ದ ಸೀರೆ ಹಾಗೆಯೇ ನಿಂತಿತ್ತು, ಅದನ್ನು ಮುಗಿಸಬಲ್ಲ ಇನ್ನೊಂದು ಕೈ ಆ ಮನೆಯಲ್ಲಿರಲಿಲ್ಲ.

ಇದರಲ್ಲಿ ಕಾನೂನಿನ ಮಾತೂ ಇದೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯು ಮುಂಗಡ ಸಾಲದ ಕಾರಣಕ್ಕೆ ಕೆಲಸಗಾರನ ಚಲನವಲನದ ಅಥವಾ ಬೇರೆ ಉದ್ಯೋಗ ಹುಡುಕುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವುದನ್ನು ಜೀತವೆಂದೇ ಪರಿಗಣಿಸುತ್ತದೆ, ಅಂಥ ಸಾಲವನ್ನು ತೀರಿಸುವ ಬಾಧ್ಯತೆಯನ್ನೂ ರದ್ದುಮಾಡುತ್ತದೆ. ತಾವು ಜೀತ ಇರಿಸಿಕೊಂಡಿದ್ದೀರಿ ಎಂದು ಆಪಾದಿಸುವುದು ಇಲ್ಲಿಯ ಉದ್ದೇಶವಲ್ಲ. ಉಪಕಾರವೆಂದು ಆರಂಭವಾದ ವ್ಯವಹಾರವು ಯಾವ ಅಂಚಿನಲ್ಲಿ ಬೇರೆ ಹೆಸರು ಪಡೆಯುತ್ತದೆ ಎಂಬುದನ್ನು ತಿಳಿದಿರುವುದು ತಮ್ಮ ಹಿತಕ್ಕೂ ಅಗತ್ಯ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬಾಕಿಗೆ ಕಟ್ಟಿಬಿದ್ದವನು ದೇಹವನ್ನು ಮಗ್ಗದ ಮುಂದೆ ತಂದು ಕೂರಿಸಿಯಾನು, ಮನಸ್ಸು ಕೊಟ್ಟು ನೇಯಲಾರ. ತೋಪು ತೆನಿಯಂಥ ಕೆಲಸ ಮನಸ್ಸು ಕೊಡದೆ ಆಗುವಂಥದಲ್ಲ. ಮೇಲಾಗಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಬಲ್ಲವನಿಗೇ ಬೇರೆ ದಾರಿ ಹುಡುಕುವ ಧೈರ್ಯವೂ ಇರುತ್ತದೆಯಾದ್ದರಿಂದ, ಬಾಕಿಯ ಹಗ್ಗ ಬಿಗಿಯಾದಷ್ಟೂ ಮೊದಲು ಹೊರಡುವವನು ಅವನೇ.

ಕೆಲಸಗಾರನೊಬ್ಬ ಅತೃಪ್ತನಾದಾಗ ಅವನ ಮುಂದೆ ಮೂರು ದಾರಿಗಳಿರುತ್ತವೆ ಎಂದು ಆಲ್ಬರ್ಟ್ ಹಿರ್ಶ್‌ಮನ್ ಎಂಬ ಅರ್ಥಶಾಸ್ತ್ರಜ್ಞನು 1970ರಲ್ಲಿ ಪ್ರಕಟಿಸಿದ ಗ್ರಂಥದ ವಿಚಾರವನ್ನು ಇಲ್ಲಿಗೆ ಅನ್ವಯಿಸಿ ಹೇಳಬಹುದು: ಬಿಟ್ಟುಹೋಗುವುದು, ಬಾಯಿಬಿಟ್ಟು ಹೇಳುವುದು, ಅಭಿಮಾನದಿಂದ ಸಹಿಸಿಕೊಂಡು ಕಾಯುವುದು. ಹೇಳಿದ್ದನ್ನು ಕೇಳುವವರಿದ್ದಾರೆ ಎಂಬ ನಂಬಿಕೆ ಇರುವವರೆಗೆ ಅಭಿಮಾನವಿರುವ ಮನುಷ್ಯ ಬಿಟ್ಟುಹೋಗುವುದಿಲ್ಲ. ನಮ್ಮ ಮಗ್ಗದ ಮನೆಗಳಲ್ಲಿ ಅಭಿಮಾನಕ್ಕೆ ಕೊರತೆಯಿಲ್ಲ, ಮುತ್ತಾತನ ಕಾಲದಿಂದ ಒಂದೇ ಮನೆಗೆ ನೇಯುತ್ತಿರುವ ಕುಟುಂಬಗಳಿವೆ; ಕೊರತೆಯಿರುವುದು ಹೇಳುವ ಅವಕಾಶಕ್ಕೆ. ಎದುರಾಡಿದ ಎಂಬ ಹೆಸರು ಬರಬಾರದೆಂದು ನೇಕಾರನು ಸುಮ್ಮನಿರುತ್ತಾನೆ, ಸುಮ್ಮನಿದ್ದಾನೆಂದರೆ ಸುಖವಾಗಿದ್ದಾನೆಂದು ಮಾಲೀಕರು ತಿಳಿಯುತ್ತಾರೆ, ಬೀಗ ಬಿದ್ದ ದಿನ ಇಬ್ಬರ ತಿಳಿವಳಿಕೆಯೂ ತಪ್ಪೆಂದು ಗೊತ್ತಾಗುತ್ತದೆ.

ಕೂಲಿ ಹೆಚ್ಚಿಸಿದರೆ ಕೆಲಸಗಾರ ಉಳಿಯುತ್ತಾನೆಯೇ ಎಂಬ ಪ್ರಶ್ನೆಗೆ ಜಗತ್ತು ಕಂಡ ಪ್ರಸಿದ್ಧ ಉತ್ತರ ಡೆಟ್ರಾಯಿಟ್ ಸೀಮೆಯ ಫೋರ್ಡ್ ಕಾರ್ಖಾನೆಯದು. 1913ರಲ್ಲಿ ಅಲ್ಲಿ ಬಂದುಹೋಗುವವರ ಪ್ರಮಾಣ ಶೇಕಡಾ 370ರಷ್ಟಿತ್ತು, ಅಂದರೆ ಒಂದು ಜಾಗವನ್ನು ತುಂಬಿಟ್ಟುಕೊಳ್ಳಲು ವರ್ಷದಲ್ಲಿ ಮೂರು ನಾಲ್ಕು ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು; 1914ರ ಜನವರಿಯಲ್ಲಿ ಕಂಪನಿಯು ದಿನದ ಸಂಬಳವನ್ನು ಸುಮಾರು ಎರಡುಪಟ್ಟಾಗಿಸಿ ಐದು ಡಾಲರಿಗೆ ಏರಿಸಿ, ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದ ಮೇಲೆ ಆ ಪ್ರಮಾಣ ಥಟ್ಟನೆ ಕುಸಿಯಿತು. ಫೋರ್ಡಿನ ಖಜಾನೆ ಇಳಕಲ್ಲದ ಮಗ್ಗದ ಮನೆಗಿಲ್ಲ ನಿಜ. ಆದರೂ ಹೋದವನ ಜಾಗ ತುಂಬುವ ವೆಚ್ಚವನ್ನು ಅಲ್ಲಿಯಂತೆ ಇಲ್ಲಿಯೂ ಲೆಕ್ಕಹಾಕಿ ನೋಡಬಹುದು. ವಾರಕ್ಕೆ ಒಂದು ಸೀರೆ ಇಳಿಯುವ ಮಗ್ಗವು ಎರಡು ತಿಂಗಳು ಖಾಲಿ ಕೂತರೆ ಎಂಟು ಸೀರೆಗಳು ಹೋದವು. ಹೊಸಬನು ಕಲಿಯುವಾಗ ಕೆಡಿಸಿದ ರೇಷ್ಮೆ, ತಪ್ಪಿಹೋದ ಹಬ್ಬದ ಮಾರಾಟ, ಹಿಂದಿರುಗಿ ಬಾರದ ಮುಂಗಡ ಇವನ್ನೂ ಕೂಡಿಸಿರಿ. ಆ ಮೊತ್ತವನ್ನು ಒಂದು ಕಡೆ ಬರೆದು, ಇದ್ದವನನ್ನೇ ಉಳಿಸಿಕೊಳ್ಳಲು ಬೇಕಾಗಿದ್ದ ಹೆಚ್ಚುವರಿ ಮಜೂರಿಯನ್ನು ಇನ್ನೊಂದು ಕಡೆ ಬರೆದು, ತಾವೇ ತೂಗಿ ನೋಡಬೇಕೆಂದು ಕೋರಿಕೆ.

ಇನ್ನು ತಮ್ಮಲ್ಲಿ ಮಾಡಿಕೊಳ್ಳುವ ನಿರ್ದಿಷ್ಟ ಬಿನ್ನಹಗಳು ಹೀಗಿವೆ.

ಮೊದಲನೆಯದು, ಲೆಕ್ಕವನ್ನು ಬೆಳಕಿಗೆ ತನ್ನಿರಿ. ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಚಿಕ್ಕ ಪುಸ್ತಕ ಮಾಡಿ, ನೇಯ್ದ ಸೀರೆ, ಸಂದ ಮಜೂರಿ, ಪಡೆದ ಮುಂಗಡ, ಕಡಿತವಾದ ಮೊತ್ತ, ಉಳಿದ ಬಾಕಿ ಎಲ್ಲವನ್ನೂ ಬಟವಾಡೆಯ ದಿನವೇ ಅದರಲ್ಲಿ ಬರೆದು ಅವನ ಕೈಯಲ್ಲಿಯೇ ಇರಗೊಡಿರಿ. ಕಡಿತಕ್ಕೆ ಒಂದು ಮಿತಿ ಇರಲಿ. ಮನೆ ನಡೆಯಲು ಬೇಕಾಗುವಷ್ಟು ಮಜೂರಿ ಯಾವ ವಾರವೂ ಬಾಕಿಗೆ ಹೋಗದಿರಲಿ. ಬಾಕಿ ಇದ್ದರೂ ಹೋಗಲು ಸ್ವತಂತ್ರನೆಂಬುದನ್ನು ಬಾಯಿಬಿಟ್ಟು ಹೇಳಿರಿ. ಹೋಗಬಹುದು ಎಂದು ತಿಳಿದ ಮೇಲೂ ಉಳಿದವನು ನಿಜವಾಗಿ ತಮ್ಮವನು.

ಎರಡನೆಯದು, ಬಟವಾಡೆಯ ದಿನ ತಪ್ಪದಿರಲಿ. ಮಜೂರಿ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಸಂತೆಯ ಹಿಂದಿನ ದಿನ ಅದು ಕೈಗೆ ಬರುತ್ತದೆಯೇ ಎಂಬುದರ ಮೇಲೆ ಒಂದು ಮನೆಯ ನೆಮ್ಮದಿ ನಿಂತಿರುತ್ತದೆ. ಇದಕ್ಕಾಗಿ ತಮಗೆ ಬರಬೇಕಾದ ಹಣವೂ ಸಕಾಲಕ್ಕೆ ಬರಬೇಕಲ್ಲವೇ ಎಂದು ತಾವು ಕೇಳಿದರೆ, ಅದಕ್ಕೆ ದಾರಿಯಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ನೋಂದಾಯಿತ ಸಣ್ಣ ತಯಾರಕನಿಂದ ಸರಕು ಕೊಂಡವನು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ತೆರಬೇಕು. ಶುಲ್ಕವಿಲ್ಲದ ‘ಉದ್ಯಮ್’ ನೋಂದಣಿಯನ್ನು ಮಾಡಿಸಿಕೊಂಡು, ಬೀಜಕದ ಮೇಲೆ ಆ ಸಂಖ್ಯೆಯನ್ನು ಅಚ್ಚು ಹಾಕಿಸಿ, ಈ ಹಕ್ಕನ್ನು ವ್ಯಾಪಾರಿಗಳ ಮುಂದೆ ಮಂಡಿಸಿರಿ. ಮೇಲಿನವರ ವಿಳಂಬವನ್ನು ಕೆಳಗಿನವರ ಹೊಟ್ಟೆಯ ಮೇಲೆ ಇಳಿಸುವ ಪರಿಪಾಠ ಹಾಗಾದರೂ ಮುರಿಯಲಿ.

ಮೂರನೆಯದು, ಕೌಶಲಕ್ಕೆ ಬೇರೆಯೇ ಬೆಲೆ ಕಟ್ಟಿರಿ. ಚಿಕ್ಕಿ ಪರಾಸ, ಗೋಮಿ ಮೊದಲಾದ ಅಂಚುಗಳನ್ನು ತಪ್ಪಿಲ್ಲದೆ ನೇಯುವವನಿಗೂ ಸಾದಾ ಅಂಚು ನೇಯುವ ಹೊಸಬನಿಗೂ ಮಜೂರಿಯಲ್ಲಿ ಕಾಣುವಷ್ಟು ಅಂತರವಿಲ್ಲದಿದ್ದರೆ ಇಪ್ಪತ್ತು ವರ್ಷದ ಅಭ್ಯಾಸಕ್ಕೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಏಳದೆ ಇರದು. ಇದರೊಡನೆ ಮಗ್ಗದ ಹಿಂದಿನ ಕೈಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಕಂಡಿಕೆ ಸುತ್ತುವುದು, ಎಳೆ ಬಿಡಿಸುವುದು, ಹಾಸು ಅಣಿಮಾಡುವುದು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಮತ್ತು ವಯಸ್ಸಾದವರ ಕೆಲಸ. ಸೀರೆಗೆ ಇಷ್ಟೆಂದು ಗಂಡಸಿನ ಕೈಗೆ ಕೊಡುವ ಮಜೂರಿಯಲ್ಲಿ ಆ ದುಡಿಮೆ ಹೆಸರಿಲ್ಲದೆ ಕರಗಿಹೋಗುತ್ತದೆ. ಊರು ಬಿಡುವ ತೀರ್ಮಾನದಲ್ಲಿ ಮನೆಯೊಡತಿಯ ಮಾತಿಗೆ ತೂಕವಿರುತ್ತದೆ ಎಂಬುದನ್ನು ನೆನೆದು, ಅವಳ ಪಾಲನ್ನು ಬೇರೆಯಾಗಿ ಬರೆದು ಅವಳ ಖಾತೆಗೇ ಜಮಾ ಮಾಡಿರಿ.

ನಾಲ್ಕನೆಯದು, ದೇಹವನ್ನು ಕಾಯಿರಿ. ಕುಣಿಯಲ್ಲಿ ಮಳೆಗಾಲದ ತೇವ ಕಾಲಿನ ಕೀಲುಗಳಿಗೆ ಏರುತ್ತದೆ, ಮಂದ ಬೆಳಕಿನಲ್ಲಿ ರೇಷ್ಮೆಯ ಎಳೆ ನೋಡಿ ನೋಡಿ ಕಣ್ಣು ಬೇಗ ದಣಿಯುತ್ತದೆ, ಬಾಗಿದ ಬೆನ್ನು ನಲವತ್ತಕ್ಕೇ ಮುದುಕನ ಬೆನ್ನಾಗುತ್ತದೆ. ಕುಣಿಗೆ ಒಳ್ಳೆಯ ಕಲ್ಲಿನ ಒಳಮೈ, ಮಗ್ಗದ ಮೇಲೆ ನೇರವಾಗಿ ಬೀಳುವ ದೀಪ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಇವು ಒಂದು ಹಬ್ಬದ ಖರ್ಚಿಗಿಂತ ಹೆಚ್ಚಿನವಲ್ಲ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಯದು 20 ರೂಪಾಯಿ. ಎರಡೂ ಸೇರಿ ವರ್ಷಕ್ಕೆ 456 ರೂಪಾಯಿಗಳನ್ನು ತಾವು ಕಟ್ಟಿದರೆ ಸಹಜ ಸಾವಿಗೆ ಎರಡು ಲಕ್ಷ, ಅಪಘಾತದ ಸಾವಿಗೆ ಇನ್ನೂ ಎರಡು ಲಕ್ಷದ ಆಸರೆ ಆ ಕುಟುಂಬಕ್ಕಿರುತ್ತದೆ. ರಾಜ್ಯ ಸರ್ಕಾರವು 2020ರಲ್ಲಿ ವರ್ಷಕ್ಕೆ 2,000 ರೂಪಾಯಿಯಿಂದ ಆರಂಭಿಸಿ ಮುಂದೆ 5,000ಕ್ಕೆ ಏರಿಸಿದ ‘ನೇಕಾರ ಸಮ್ಮಾನ್’ ನೆರವಿಗೆ ಅರ್ಜಿ ಹಾಕಲು ತಮ್ಮ ಗುಮಾಸ್ತರೇ ನೇಕಾರನ ಪಕ್ಕದಲ್ಲಿ ಕುಳಿತು ಕಾಗದ ತುಂಬಿಸಿದರೆ ಆ ಸಹಾಯ ಬಹುಕಾಲ ನೆನಪಿರುತ್ತದೆ.

ಐದನೆಯದು, ಉಳಿದವನಿಗೆ ಉಳಿದುದರ ಫಲ ಕಾಣಲಿ. ದೀರ್ಘಕಾಲದ ಸೇವೆಗೆ ಕೊನೆಯಲ್ಲಿ ಒಟ್ಟಾಗಿ ಕೊಡುವ ಹಣಕ್ಕೆ ಗ್ರ್ಯಾಚುಯಿಟಿ ಎನ್ನುತ್ತಾರೆ. 1972ರ ಕಾಯಿದೆಯು ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಅದನ್ನು ಕೊಡಬೇಕೆಂದು ವಿಧಿಸಿತು. ನಾಲ್ಕೈದು ಜನರಿರುವ ಮನೆಗಳಿಗೆ ಆ ಕಟ್ಟು ಇಲ್ಲದಿದ್ದರೂ, ಅದೇ ಲೆಕ್ಕದಲ್ಲಿ ಒಂದಿಷ್ಟು ಹಣವನ್ನು ಕೆಲಸಗಾರನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ವರ್ಷವರ್ಷ ಇಡುತ್ತ ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮುಂಗಡವು ಹಿಂದಿನಿಂದ ಎಳೆಯುವ ಹಗ್ಗವಾದರೆ ಈ ಠೇವಣಿಯು ಮುಂದೆ ಕಾಣುವ ದೀಪ. ಅತ್ಯುತ್ತಮ ನೇಕಾರನು ತನ್ನದೇ ಮಗ್ಗ ಹಾಕಿಕೊಳ್ಳಬೇಕೆಂದು ಬಯಸಿದರೆ ಅದನ್ನು ದ್ರೋಹವೆಂದು ಬಗೆಯದೆ, ನೂಲು ಕೊಟ್ಟು, ಅವನು ನೇಯ್ದುದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡು ಬೆನ್ನು ತಟ್ಟಿರಿ. ಪಕ್ಕದ ಓಣಿಯಲ್ಲಿ ಸ್ವಂತ ಮಗ್ಗದ ಮೇಲೆ ಕುಳಿತವನು ಮಂಗಳೂರಿನಲ್ಲಿ ಇಟ್ಟಿಗೆ ಹೊರುವವನಿಗಿಂತ ತಮಗೆ ಸಾವಿರಪಾಲು ಹತ್ತಿರದವನು.

ಆರನೆಯದು, ಮಾತು. ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಚಹಾ ಕುಡಿಯುವ ಹೊತ್ತಿನಲ್ಲಿ ಈ ತಿಂಗಳ ಮಾರಾಟವೆಷ್ಟು, ನೂಲಿನ ದರವೇನು, ಮುಂದಿನ ಹಬ್ಬಕ್ಕೆ ಯಾವ ಬಣ್ಣ ಕೇಳುತ್ತಿದ್ದಾರೆ ಎಂಬುದನ್ನು ಹೇಳಿರಿ, ಅವರಿಗೆ ತೋಚಿದ್ದನ್ನು ಕೇಳಿರಿ. ವಯಸ್ಸಿನಲ್ಲಿ ಹಿರಿಯನಾದ ನೇಕಾರನನ್ನು ಮಾಲೀಕರ ಮನೆಯ ಹುಡುಗರು ‘ಬಾರೋ, ಹೋಗೋ’ ಎನ್ನುವುದನ್ನು ನಿಲ್ಲಿಸಿ ‘ಕಾಕಾ, ಬರ್ರಿ’ ಎನ್ನಲು ಕಲಿಸಿರಿ. ಈ ಒಂದು ‘ರೀ’ಗೆ ಬಿಡಿಕಾಸಿನ ಖರ್ಚಿಲ್ಲ, ಅದು ಇಲ್ಲದ ಕಡೆ ಇಮ್ಮಡಿ ಮಜೂರಿಯೂ ಸಪ್ಪೆಯಾಗುತ್ತದೆ. ಸೀರೆಯ ಮಡಿಕೆಯೊಳಗೆ ಇಡುವ ಚೀಟಿಯಲ್ಲಿ, ನೇಯ್ದವರು ಒಪ್ಪಿದರೆ, ಅವರ ಹೆಸರನ್ನೂ ಅಚ್ಚು ಹಾಕಿಸಿರಿ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ ಎಂದು ತಾವು ಹೇಳಬಹುದು, ಆ ಮಾತು ಸತ್ಯವೂ ಹೌದು. ಮಕ್ಕಳ ಓದಿಗಾಗಿ, ಬೇಸತ್ತು, ಅಥವಾ ಹೊಸ ಲೋಕ ನೋಡುವ ಆಸೆಯಿಂದ ಹೋಗುವವರನ್ನು ಯಾರೂ ತಡೆಯಲಾಗದು, ತಡೆಯಲೂಬಾರದು. ಅಂಥವರನ್ನು ಲೆಕ್ಕ ಮುಗಿಸಿ, ಹರಸಿ ಕಳಿಸಿಕೊಟ್ಟರೆ ತಿರುಗಿ ಬರುವ ಬಾಗಿಲು ತೆರೆದಿರುತ್ತದೆ; ಉಳಿದವರೂ ಆ ಬೀಳ್ಕೊಡುಗೆಯನ್ನು ನೋಡುತ್ತಿರುತ್ತಾರೆ. ಇಲ್ಲಿ ಕೇಳುತ್ತಿರುವುದು, ಉಳಿಯಲು ಮನಸ್ಸಿದ್ದೂ ಉಳಿಯಲಾರದೆ ಹೋಗುವವರ ಸಲುವಾಗಿ.

ಇದು ಪರನಾಡಿನಿಂದ ತಂದ ನೀತಿಯೆಂದು ತಿಳಿಯಬೇಕಾಗಿಲ್ಲ. ಮಧ್ಯಯುಗದಲ್ಲಿ ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸಿದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ತನ್ನ ಹೆಸರನ್ನು ಪಡೆದದ್ದು ಇದೇ ಸೀಮೆಯ ಐಹೊಳೆಯಿಂದ. ಅವರು ತಮ್ಮನ್ನು ‘ವೀರಬಣಂಜು ಧರ್ಮ’ದ ಪಾಲಕರೆಂದು ಶಾಸನಗಳಲ್ಲಿ ಕರೆದುಕೊಂಡರು, ಅಂದರೆ ವ್ಯಾಪಾರಕ್ಕೂ ಒಂದು ಧರ್ಮವಿದೆ, ಅದಕ್ಕೆ ತಾವು ಬದ್ಧರು ಎಂದು ಸಾರಿಕೊಂಡರು. ಹುನಗುಂದ ಸೀಮೆಯ ಕೂಡಲಸಂಗಮದೊಡನೆ ಬಾಳು ಬೆಸೆದಿದ್ದ ಬಸವಣ್ಣನವರ ಕಾಲದ ಶರಣರು ದುಡಿಮೆಗೆ ‘ಕಾಯಕ’ವೆಂದು ಹೆಸರಿಟ್ಟು ಅದನ್ನು ಪೂಜೆಯ ಸಮಕ್ಕೆ ಏರಿಸಿದರು, ಅವರಿಗೂ ಹಿಂದಿನ ವಚನಕಾರ ದಾಸಿಮಯ್ಯನವರು ಸ್ವತಃ ನೇಕಾರರಾಗಿದ್ದರು. ದುಡಿಯುವ ಕೈಗೆ ಗೌರವ ಕೊಡುವುದು ಈ ನೆಲಕ್ಕೆ ಹಳೆಯ ಪಾಠ, ಅದನ್ನು ಇವತ್ತಿನ ಲೆಕ್ಕದ ಪುಸ್ತಕದೊಳಗೆ ತರುವುದಷ್ಟೇ ಉಳಿದಿದೆ.

ಆದ್ದರಿಂದ ಎಲ್ಲ ಬಿನ್ನಹಗಳನ್ನೂ ಒಮ್ಮೆಗೇ ಈಡೇರಿಸಲು ಆಗದಿದ್ದರೆ ಒಂದರಿಂದಲಾದರೂ ಆರಂಭಿಸಬೇಕೆಂದು ಕೈಮುಗಿದು ಪ್ರಾರ್ಥನೆ. ಬರುವ ಪಂಚಮಿ ಹಬ್ಬಕ್ಕೆ ಮುಂಚೆ ಗಲ್ಲೆಯ ಕೆಳಗಿನ ಪುಸ್ತಕವನ್ನು ಹೊರತೆಗೆದು, ತಮ್ಮ ಮನೆಯ ಅತ್ಯುತ್ತಮ ಕೆಲಸಗಾರನನ್ನೂ ಅವನ ಮನೆಯಾಕೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಹೆಸರಿನ ಪುಟವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ ಹೇಳಿರಿ. ಓದಿದ ಮೇಲೆ, ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿ, ಅವರು ಹೇಳಿ ಮುಗಿಸುವತನಕ ಸುಮ್ಮನೆ ಕುಳಿತು ಕೇಳಿರಿ.

ಇತಿ,

ತಮ್ಮ ವಿಶ್ವಾಸಿ,
ಈ ಸೀಮೆಯ ನೇಯ್ಗೆಯ ಅಭ್ಯಾಸಿ
ಗುಡೂರು, ಬಾಗಲಕೋಟೆ ಜಿಲ್ಲೆ